ಆವರಗೆರೆ ಎನ್ನದ ನಾಲಿಗೆ

ಅಂದು ಆಂಬುಲೆನ್ಸ್ ದಾರಿ ತಪ್ಪಿರಲಿಲ್ಲ. ನಾನು ತಪ್ಪು ವಿಳಾಸ ಹೇಳಿದ್ದೆ. ತಪ್ಪು ನನ್ನದೇ ಎಂದು ಗೊತ್ತಾದ ಮೇಲೂ, ಓಣಿಯ ಜನರೆಲ್ಲರ ಎದುರಿಗೆ ನಿಂತು, ಸರಿಯಾಗಿಯೇ ಹೇಳಿದ್ದೆ ಎಂದೆ. ಆ ಒಂದು ಮಾತಿಗೆ ಒಬ್ಬ ಮನುಷ್ಯ ಕೆನ್ನೆಗೆ ಏಟು ತಿಂದ — ಇಷ್ಟನ್ನು ಬರೆಯಲು ನನಗೆ ಐದು ವರ್ಷ ಬೇಕಾಯಿತು. ಮೊದಲಿಗೇ ಬರೆದುಬಿಟ್ಟಿದ್ದೇನೆ. ಇಲ್ಲದಿದ್ದರೆ ಮುಂದೆ ಹೋಗುತ್ತಾ ಎಲ್ಲಾದರೂ ಒಂದು ಸಣ್ಣ ನೆಪ ಹುಡುಕಿಕೊಳ್ಳುತ್ತಿದ್ದೆ. ನನ್ನ ಬುದ್ಧಿ ನನಗೆ ಗೊತ್ತು.

ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ. ಅಪ್ಪನದು ಬಟ್ಟೆ ವ್ಯಾಪಾರ, ಮನೆಯ ಎದುರಿಗೆ ಪಾರ್ಕು. ಮದುವೆಯಾದ ಮೇಲೂ ಹದಿನಾರು ವರ್ಷ ಅಲ್ಲೇ ಎರಡು ರಸ್ತೆ ಆಚೆ ಬಾಡಿಗೆಗೆ ಇದ್ದೆವು. ಆಮೇಲೆ ನಮ್ಮವರು ಆವರಗೆರೆಯಲ್ಲಿ ಸೈಟು ತೆಗೆದುಕೊಂಡು ಸ್ವಂತ ಮನೆ ಕಟ್ಟಿಸಿದರು. ಗಾಳಿ, ಬೆಳಕು, ಸಿಹಿನೀರಿನ ಬೋರು — ಯಾವುದಕ್ಕೂ ಕೊರತೆ ಇರಲಿಲ್ಲ. ಆದರೆ ನನ್ನ ತವರಿನವರ ಬಾಯಲ್ಲಿ ಆವರಗೆರೆ ಎಂದರೆ 'ಊರಾಚೆ'. ಗೃಹಪ್ರವೇಶಕ್ಕೆ ಬಂದ ನಮ್ಮ ಅತ್ತಿಗೆ ಹಿತ್ತಲು ನೋಡಿ, ಎಮ್ಮೆ ಕಟ್ಟೋಕೆ ಚಲೋ ಜಾಗ ಐತೆ ಎಂದು ನಕ್ಕಿದ್ದಳು. ಅವಳು ನಕ್ಕು ಮರೆತಳು. ನಾನು ಮರೆಯಲಿಲ್ಲ.

ಅಂದಿನಿಂದ ಯಾರು ಎಲ್ಲಿ ಮನೆ ಎಂದು ಕೇಳಿದರೂ ನನ್ನದು ಒಂದೇ ಉತ್ತರ — ಪಿ.ಜೆ. ಬಡಾವಣೆ, ಪಾರ್ಕಿನ ಎದುರಿಗೆ. ಸೀರೆ ಅಂಗಡಿಯಲ್ಲಿ ಅದೇ, ಮದುವೆಮನೆಯ ಪಂಕ್ತಿಯಲ್ಲಿ ಅದೇ, ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದ ಹೆಂಗಸಿಗೂ ಅದೇ. ಕೊರಿಯರ್ ಕೂಡ ಅಣ್ಣನ ಮನೆಗೇ ಬರುತ್ತಿತ್ತು, ನಾನು ಆಟೊ ಮಾಡಿಕೊಂಡು ಹೋಗಿ ತರುತ್ತಿದ್ದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರಲ್ಲ — ನಮ್ಮ ಮನೆಯಲ್ಲಿ ಹಿಟ್ಟು ಬೇಕಾದಷ್ಟಿತ್ತು, ಮಲ್ಲಿಗೆಯ ಹುಚ್ಚು ನನಗೊಬ್ಬಳಿಗೆ. ನಮ್ಮವರು ಸಿಟ್ಟಾಗುತ್ತಿರಲಿಲ್ಲ, ಗೇಲಿ ಮಾಡುತ್ತಿದ್ದರು. ನನ್ನ ಸಂಸಾರ ಆವರಗೆರೆಯಾಗೈತೆ, ಹೆಂಡ್ತಿ ಮಾತ್ರ ಪಿ.ಜೆ. ಬಡಾವಣೆಯಾಗ ಅದಾಳೆ ಎಂದು ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದರು. ಮಾತೇ ಅವರ ಬದುಕು. ಮಾರುಕಟ್ಟೆಯ ದಲ್ಲಾಳಿ ಅಂಗಡಿಯಲ್ಲಿ ಮೆಕ್ಕೆಜೋಳದ ಹರಾಜು ಕೂಗುವ ಕೆಲಸ ಅವರದು. ಅವರ ದನಿ ಅಂಗಳದ ಆಚೆ ನಿಂತ ಲಾರಿಯವರಿಗೂ ಕೇಳುತ್ತಿತ್ತಂತೆ.

ಅವತ್ತು ಬೆಳಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ತಿಂಡಿಗೆ ಕೂತರು. ನೀರಿನ ಲೋಟ ಎತ್ತಿದ ಕೈ ಅಲ್ಲೇ ಸೋತಿತು. ಲೋಟ ಬಿತ್ತು. ನಾನು ಅಡುಗೆಮನೆಯಿಂದಲೇ, ನೋಡ್ಕೊಂಡು ಹಿಡೀಬಾರದಾ ಎಂದು ಗದರಿದೆ. ಉತ್ತರ ಬರಲಿಲ್ಲ. ಅವರು ಉತ್ತರ ಕೊಡದೆ ಇರುವ ಪೈಕಿಯೇ ಅಲ್ಲ — ಹೊರಗೆ ಬಂದು ನೋಡಿದರೆ ಗೋಡೆಗೆ ಒರಗಿ ವಾಲಿದ್ದರು, ಬಾಯಿ ಒಂದು ಕಡೆಗೆ ಜಾರಿತ್ತು.

ಮಗಳು ಹಾಸ್ಟೆಲಿನಲ್ಲಿದ್ದಳು. ಮನೆಯಲ್ಲಿ ನಾವಿಬ್ಬರೇ. ನೂರಾ ಎಂಟಕ್ಕೆ ಫೋನು ಮಾಡಿದೆ. ಆ ಕಡೆಯ ಹುಡುಗಿ ಬಹಳ ಸಮಾಧಾನದಿಂದ ಕೇಳಿದಳು — ಯಾವ ಜಿಲ್ಲೆ, ಏನಾಗಿದೆ, ಉಸಿರಾಟ ಹೇಗಿದೆ. ಎಲ್ಲಕ್ಕೂ ಸರಿಯಾಗಿಯೇ ಹೇಳಿದೆ. ಆಮೇಲೆ ವಿಳಾಸ ಕೇಳಿದಳು.

"ಪಿ.ಜೆ. ಬಡಾವಣೆ, ಪಾರ್ಕಿನ ಎದುರಿಗೆ" ಎಂದೆ.

ಬೇಕೆಂದು ಹೇಳಿದ್ದಲ್ಲ. ಆದರೆ ಹಾಗೆಂದು ಬರೆದರೆ ಅದೇ ಒಂದು ನೆಪವಾದೀತು. ಏಳು ವರ್ಷ ನಾಲಿಗೆಗೆ ನಾನೇ ಕಲಿಸಿದ ಪಾಠ, ಕಷ್ಟ ಬಂದಾಗ ನಾಲಿಗೆ ತಪ್ಪದೆ ಒಪ್ಪಿಸಿತು, ಅಷ್ಟೇ. ಆಗ ನಮ್ಮವರು ನನ್ನನ್ನೇ ನೋಡುತ್ತಿದ್ದರು. ಎಡಗೈ ಎತ್ತಿ ನೆಲಕ್ಕೆ ಬಡಿದರು. ಮತ್ತೊಮ್ಮೆ ಬಡಿದರು. ನೋವಿಗೆ ಹಾಗೆ ಮಾಡುತ್ತಿದ್ದಾರೆ ಎಂದುಕೊಂಡು ಆ ಕೈ ಹಿಡಿದುಕೊಂಡೆ, ಬಿಗಿಯಾಗಿ, ಮತ್ತೆ ಅಲುಗದ ಹಾಗೆ.

ಆಮೇಲೆ ಮೈದುನ ಮಹೇಶನಿಗೆ ಫೋನು ಮಾಡಿದೆ. ಅಣ್ಣನಿಗೆ, ಮಗಳಿಗೆ ಮಾಡಿದೆ. ಮಧ್ಯೆ ಯಾವುದೋ ಹೊಸ ನಂಬರು ಬಡಿದುಕೊಳ್ಳುತ್ತಲೇ ಇತ್ತು, ಎತ್ತಲಿಲ್ಲ. ಪಕ್ಕದ ಮನೆಯ ನಾಗಮ್ಮ ಬಂದು, ಆಟೊದಾಗ ಹಾಕ್ಕೊಂಡು ಹೋಗಾಣ ಬಾ ಎಂದಳು. ಆಂಬುಲೆನ್ಸ್ ಇನ್ನೇನು ಬರುತ್ತದೆ, ಮಲಗಿಸಿಯೇ ಕರೆದೊಯ್ಯಬೇಕು ಎಂದು ನಾನೇ ತಡೆದೆ. ಕೊನೆಗೆ ಆ ನಂಬರು ಎತ್ತಿದಾಗ ಒಬ್ಬ ಗಂಡಸು, ಪಾರ್ಕಿನ ಮುಂದೆ ನಿಂತೀವ್ರಿ ಅಮ್ಮಾರ, ಯಾವ ಮನೇರಿ ಎಂದ. ಯಾವ ಪಾರ್ಕು ಎಂದು ಕೇಳುತ್ತಿರುವಾಗಲೇ ನನಗೆ ಗೊತ್ತಾಯಿತು. ಆವರಗೆರೆಗೆ ಬರ್ರಿ ಎಂದೆ. ಆತ ಬಂದ್ವಿ ಎಂದಷ್ಟೇ ಹೇಳಿ ಇಟ್ಟ.

ಅವರು ಊರಿನ ನಡುವೆ ಹಾದು, ರೈಲ್ವೆ ಗೇಟು ದಾಟಿ ಬರುವ ಹೊತ್ತಿಗೆ ನನ್ನ ಮೊದಲ ಫೋನಿನಿಂದ ಒಂದು ಗಂಟೆ ಆಗುತ್ತಾ ಬಂದಿತ್ತು. ಅಷ್ಟರಲ್ಲಿ ಮಹೇಶ ಬಂದಿದ್ದ, ಓಣಿಯೆಲ್ಲ ಸೇರಿತ್ತು. ಚಾಲಕ ಇಳಿದ ಕೂಡಲೇ ಮಹೇಶ ಅಡ್ಡ ನಿಂತು, ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಕೇಳಿದ. ಆತ, ಪಿ.ಜೆ. ಬಡಾವಣೆ ಅಂತ ವಿಳಾಸ ಬಂದಿತ್ತು ಎಂದ. ಅಂಗಿಯ ಮೇಲೆ ಹೆಸರಿನ ಪಟ್ಟಿಯಿತ್ತು — ಹಾಲೇಶ. ಮಹೇಶ ನನ್ನ ಕಡೆ ತಿರುಗಿದ.

"ಅತ್ತಿಗೆ, ನೀವು ಯಾವ ಅಡ್ರೆಸ್ ಹೇಳಿದ್ರಿ?"

ಓಣಿಯವರೆಲ್ಲ ನನ್ನನ್ನೇ ನೋಡುತ್ತಿದ್ದರು. ಆವರಗೆರೆಯ ಜನ. ಅವರ ಊರಿನ ಹೆಸರು ಹೇಳಲು ನಾಚಿ ಗಂಡನ ಜೀವ ಪಣಕ್ಕಿಟ್ಟವಳು ಎಂದು ಅವರ ಎದುರಿಗೇ —

"ಆವರಗೆರೆ ಅಂತಾನೇ ಹೇಳಿದೀನಪ್ಪ."

ಮಹೇಶ ಹೊಡೆದ. ಸದ್ದು ನನಗೆ ಈಗಲೂ ಕೇಳುತ್ತದೆ. ಹಾಲೇಶ ನನ್ನನ್ನು ಒಮ್ಮೆ ನೋಡಿ, ಹಿಂದಿನ ಬಾಗಿಲು ತೆಗೆದು ಸ್ಟ್ರೆಚರ್ ಎಳೆದ. ನಮ್ಮವರನ್ನು ಎತ್ತುವಾಗ ಹುಷಾರಾಗಿ ತಲೆ ಹಿಡಿದವನೂ ಅವನೇ. ದಾರಿಯುದ್ದಕ್ಕೂ ಆಸ್ಪತ್ರೆಗೆ ಮೊದಲೇ ಸುದ್ದಿ ಮುಟ್ಟಿಸಲು ಒಳಗಿದ್ದ ನರ್ಸಿಗೆ ನೆನಪಿಸುತ್ತಿದ್ದ. ಅವನ ಎಡಗೆನ್ನೆ ಕೆಂಪಾಗಿದ್ದುದು ಕನ್ನಡಿಯಲ್ಲಿ ಕಾಣುತ್ತಿತ್ತು.

ಜೀವ ಉಳಿಯಿತು. ಬಲಗೈ ಹೋಯಿತು, ಮಾತು ಹೋಯಿತು. ಬೇಗ ಬಂದಿದ್ದರೆ ಎಂದು ಡಾಕ್ಟರನ್ನು ಕೇಳಿದೆ. ಇಂಥದ್ದರಲ್ಲಿ ಪ್ರತಿ ನಿಮಿಷವೂ ಮುಖ್ಯ, ಆದರೆ ಎಷ್ಟು ಉಳಿಯುತ್ತಿತ್ತು ಎಂದು ಯಾರೂ ಹೇಳಲಾರರು ಎಂದರು. ಆ 'ಹೇಳಲಾರರು' ಎಂಬುದನ್ನು ಎಷ್ಟು ದಿನ ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದೆ. ಇರಲಿ. ಅದು ಡಾಕ್ಟರ ಮಾತು, ನನ್ನದಲ್ಲ.

ಇದಕ್ಕಿಂತ ನಾಚಿಕೆಯದು ಇನ್ನೊಂದಿದೆ. ಮಹೇಶ ದೂರು ಬರೆದುಕೊಂಡು ನನ್ನ ಸಹಿಗೆ ಬಂದ. ಫೋನು ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ ಎಂದು ನನಗೆ ಗೊತ್ತಿತ್ತು. ಯಾರಾದರೂ ಕೂತು ಅದನ್ನು ಕೇಳಿದರೆ — ನಾನು ಕಾಗದ ಮಡಚಿ ಅವನ ಕೈಗೇ ಕೊಟ್ಟು, ಹೋಗ್ಲಿ ಬಿಡಪ್ಪ, ಬಡವರ ಹೊಟ್ಟೆ ಮ್ಯಾಲೆ ಹೊಡೆಯಾದು ಬ್ಯಾಡ ಎಂದೆ. ಅತ್ತಿಗೆಯದು ದೊಡ್ಡ ಮನಸ್ಸು ಎಂದು ಅವನು ಎಲ್ಲರಿಗೂ ಹೇಳಿದ. ಓಣಿಯ ಹೆಂಗಸರು ನನ್ನನ್ನು ಕೊಂಡಾಡಿದರು. ನಾನು ಬೇಡ ಎನ್ನಲಿಲ್ಲ.

ದೂರು ನಿಂತಿತು, ವಿಡಿಯೊ ನಿಲ್ಲಲಿಲ್ಲ. ಮಹೇಶ ಹೊಡೆದದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. 'ದಾರಿ ತಪ್ಪಿದ ಚಾಲಕನಿಗೆ ತಕ್ಕ ಪಾಠ' ಎಂಬ ತಲೆಬರಹ ಹೊತ್ತು ಅದು ನಮ್ಮ ಓಣಿಯ ವಾಟ್ಸಾಪ್ ಗುಂಪಿನಿಂದ ಎಲ್ಲೆಲ್ಲಿಗೋ ಹೋಯಿತು. ನನಗೂ ಮೂರು ಕಡೆಯಿಂದ ಬಂತು. ಮೂರನ್ನೂ ಅಳಿಸಿದೆ.

ನಮ್ಮವರು ಎರಡು ವರ್ಷ ದನಿ ಹೊರಡಿಸಲು ಅಭ್ಯಾಸ ಮಾಡಿದರು. ನೀರು, ಬ್ಯಾಡ, ಸಾಕು, ಮಗಳ ಹೆಸರು — ಹೀಗೆ ಬೆರಳೆಣಿಕೆಯ ಮಾತುಗಳು ಹಿಂದಿರುಗಿದವು. ಆ ಬೆಳಗಿನದು ಅವರಿಗೆ ನೆನಪಿದೆಯೋ ಇಲ್ಲವೋ ನಾನು ಕೇಳಲಿಲ್ಲ. ಅಂಥ ಹೊಡೆತ ಬಿದ್ದಾಗ ಹಿಂದುಮುಂದಿನದು ಮರೆತುಹೋಗುತ್ತದೆ ಎಂದು ಯಾರೋ ಅಂದಿದ್ದರು. ಅದನ್ನೇ ನಂಬಿಕೊಂಡೆ. ತುತ್ತು ಮಾಡಿ ತಿನ್ನಿಸುವಾಗ ಅವರು ಕೆಲವೊಮ್ಮೆ ನನ್ನ ಬಾಯಿಯನ್ನೇ ನೋಡುತ್ತಾ ಕೂರುತ್ತಿದ್ದರು. ಆಗೆಲ್ಲ ನಾನು ಟೀವಿ ಹಾಕುತ್ತಿದ್ದೆ.

ಈ ವರ್ಷ ನಾಗಮ್ಮನ ಸೊಸೆಗೆ ದಿನ ತುಂಬುವ ಮೊದಲೇ ನೋವು ಬಂತು. ಮನೆಯಲ್ಲಿ ಗಂಡಸರಿರಲಿಲ್ಲ. ನೂರಾ ಎಂಟಕ್ಕೆ ನಾನೇ ಫೋನು ಹಿಡಿದೆ. ವಿಳಾಸ ಕೇಳಿದರು. ಆವರಗೆರೆ ಎಂದೆ, ಓಣಿ ಹೇಳಿದೆ, ತಿರುವು ಹೇಳಿದೆ. ಮೂರು ಮಾತು, ಅಷ್ಟೇ. ಗಾಡಿ ಹದಿನೈದು ನಿಮಿಷದೊಳಗೆ ಬಾಗಿಲಿಗೆ ಬಂತು. ಇಷ್ಟು ಸುಲಭವಿತ್ತು — ಇಷ್ಟು ಸುಲಭದ ಮಾತು. ಆಸ್ಪತ್ರೆಯಲ್ಲಿ ಕೂಸು ಅತ್ತದ್ದು ಕೇಳಿ ಎಲ್ಲರೂ ನಗುತ್ತಿದ್ದರೆ ನಾನು ಹೊರಗೆ ಬಂದು, ಆ ಗಾಡಿಯ ಚಾಲಕನನ್ನು, ಹಾಲೇಶ ಎಂಬವರು ಈಗ ಎಲ್ಲಿದ್ದಾರೆ ಎಂದು ಕೇಳಿದೆ. ಆ ವಿಡಿಯೊ ಆದ ಮೇಲೆ ಕೆಲಸ ಬಿಟ್ಟ, ಹರಿಹರದಾಗ ನೀರಿನ ಕ್ಯಾನು ಹಾಕ್ತಾನೆ ಎಂದ.

ಮರುದಿನವೇ ಹರಿಹರಕ್ಕೆ ಹೋದೆ. ವಿಚಾರಿಸುತ್ತಾ ಹೋದರೆ ಹೊಳೆಯ ಕಡೆಗಿನ ಒಂದು ಬೀದಿಯಲ್ಲಿ ಹಾಲೇಶ ಟೆಂಪೊದಿಂದ ಕ್ಯಾನು ಇಳಿಸುತ್ತಿದ್ದರು. ನಾನು ಹೆಸರು ಹೇಳುವ ಮೊದಲೇ ಗುರುತು ಹಿಡಿದರು. ಮನೆಯವರು ಹೆಂಗದಾರೆ ಎಂದು ಕೇಳಿದ್ದು ಅವರ ಮೊದಲ ಮಾತು. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅಡ್ಡ ಬಾಯಿ ಹಾಕದೆ ಕೇಳಿದರು. ಆ ವಿಡಿಯೊ ತಮ್ಮ ಮಗಳ ಶಾಲೆಯವರೆಗೂ ಹೋಗಿತ್ತಂತೆ. ದಾರಿ ತಪ್ಪಿದೋನ ಮಗಳು ಎಂದು ಕರೆಯುತ್ತಿದ್ದರಂತೆ. ಆ ಮಾತಿಗೆ ನಮ್ಮಲ್ಲಿ ಏನರ್ಥ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಕುಡುಕ, ಕೆಟ್ಟ ಚಾಳಿಯವ ಎಂದೆಲ್ಲ ಮಾತು ಬೆಳೆದು, ಆ ಹುಡುಗಿ ಒಂದು ದಿನ ಮನೆಗೆ ಬಂದು, ಅಪ್ಪಾ ನೀನು ಏನು ಮಾಡಿದ್ದಿ ಎಂದು ಕೇಳಿದಳಂತೆ. ಇದನ್ನು ಹೇಳುವಾಗಲೂ ಅವರ ದನಿ ಏರಲಿಲ್ಲ. ನಾನು ಕೈ ಮುಗಿದೆ. ಅವರು ಖಾಲಿ ಕ್ಯಾನು ಎತ್ತಿ ಗಾಡಿಗೆ ಇಟ್ಟರು.

"ನಂಗೆ ಗೊತ್ತಿರಾದನ್ನೇ ನಂಗೆ ಬಂದು ಹೇಳಿದ್ರಿ, ಅಮ್ಮಾರ. ಗೊತ್ತಿಲ್ಲದೋರಿಗೆ ಹೇಳ್ರಿ."

ಬಸ್ಸಿನಲ್ಲಿ ವಾಪಸು ಬರುವಾಗ ಅವರ ಮೇಲೆ ನನಗೆ ಸಿಟ್ಟು ಬಂದಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಅಷ್ಟು ದೂರ ಹೋಗಿ ಕೈ ಮುಗಿದೆನಲ್ಲ, ಕ್ಷಮಿಸಿದೆ ಎಂದು ಒಂದು ಮಾತು ಅಂದಿದ್ದರೆ ಗಂಟೇನು ಹೋಗುತ್ತಿತ್ತು ಎನಿಸಿತು. ಮನೆ ತಲುಪುವ ಹೊತ್ತಿಗೆ ಸಿಟ್ಟು ಇಳಿದಿತ್ತು. ನಾನು ಹೋದದ್ದು ಅವರ ಹೆಸರು ತೊಳೆಯಲಿಕ್ಕಲ್ಲ, ನನ್ನ ಎದೆ ಹಗುರ ಮಾಡಿಕೊಳ್ಳಲಿಕ್ಕೆ. ಅವರಿಗೆ ಅದು ಕಂಡಿತ್ತು.

ಭಾನುವಾರ ಮಹೇಶನನ್ನು, ಅಣ್ಣ ಅತ್ತಿಗೆಯನ್ನು, ನಾಗಮ್ಮನನ್ನು ಕರೆದೆ. ಮಗಳೂ ಬಂದಿದ್ದಳು. ಚಹಾ ಕೊಡುವುದಕ್ಕೂ ಮೊದಲು, ನಿಂತುಕೊಂಡೇ ಹೇಳಿದೆ — ಏನು ವಿಳಾಸ ಕೊಟ್ಟೆ, ಯಾಕೆ ಆ ವಿಳಾಸ ಬಾಯಿಗೆ ಬಂತು, ಆಮೇಲೆ ಏನೆಂದು ಸುಳ್ಳು ಹೇಳಿದೆ, ದೂರು ಯಾಕೆ ತಡೆದೆ. ಅತ್ತಿಗೆ ತಲೆ ತಗ್ಗಿಸಿದಳು. ಮಗಳು ಎದ್ದು ಒಳಗೆ ಹೋದಳು. ಮಹೇಶ ತನ್ನ ಬಲಗೈಯನ್ನೇ ನೋಡಿಕೊಳ್ಳುತ್ತಾ ಕೂತಿದ್ದ. ನಾಗಮ್ಮ ಮಾತ್ರ, ನಮ್ಮೂರಿನ ಹೆಸರು ಅಷ್ಟು ಹೊಲಸಿತ್ತೇನವ್ವ ಎಂದಳು.

ಆಮೇಲೆ ಮಹೇಶ ಕೇಳಿದ, ಇದು ಅಣ್ಣಂಗೆ ಗೊತ್ತೈತಾ ಎಂದು.

ಗೊತ್ತಿರಲಿಕ್ಕಿಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಮೂಲೆಯ ಕುರ್ಚಿಯಲ್ಲಿದ್ದ ನಮ್ಮವರು ಎಡಗೈ ಎತ್ತಿ ನನ್ನನ್ನು ತಡೆದರು. ತುಟಿ ಎರಡು ಸಲ ಸುಮ್ಮನೆ ಅಲುಗಿತು. ಆಮೇಲೆ ಮಾತು ಬಂತು.

"ಗೊತ್ತು."

ಮಹೇಶ ಆಗಲೇ ಎದ್ದು ಹರಿಹರಕ್ಕೆ ಹೊರಟ. ಅಲ್ಲಿ ಏನು ನಡೆಯಿತೆಂದು ಅವನು ಹೇಳಿಲ್ಲ, ನಾನು ಕೇಳಿಲ್ಲ. ಆ ಸಂಜೆ ನನ್ನ ಮಾತನ್ನು ನಾನೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ವಿಡಿಯೊ ಹೊರಟಿದ್ದ ಅದೇ ಗುಂಪಿಗೆ ಹಾಕಿದೆ. ಅದು ಆ ಹುಡುಗಿಯ ಶಾಲೆಯವರೆಗೆ ಹೋಗುತ್ತದೋ ಇಲ್ಲವೋ. ಸುಳ್ಳು ಹೋದಷ್ಟು ದೂರ ಇದು ಹೋಗಲಾರದು. ಈಗ ಇಲ್ಲೂ ಬರೆದಿದ್ದೇನೆ. ಇನ್ನೂ ಎಲ್ಲಿ ಹೇಳಬೇಕೋ ಅಲ್ಲಿ ಹೇಳುತ್ತೇನೆ.

ಐದು ವರ್ಷ, ದಿನಕ್ಕೆ ಎರಡು ಹೊತ್ತು, ಅವರ ಎದುರಿಗೆ ಕೂತು ಅನ್ನ ಕಲೆಸಿದ್ದೇನೆ. ಬಂದವರೆಲ್ಲರ ಹತ್ತಿರ, ಅವರು ಕೇಳುತ್ತಿರುವಂತೆಯೇ, ಆ ಡ್ರೈವರ್ ದಾರಿ ತಪ್ಪಿದ ಎಂದು ಹೇಳಿದ್ದೇನೆ. ಅಷ್ಟೂ ಸಲ ಅವರಿಗೆ ಗೊತ್ತಿತ್ತು. ಹೇಳಲು ಅವರಿಗೆ ಬಾಯಿ ಇರಲಿಲ್ಲ. ನನಗೆ ಇತ್ತು.