ಕೋಚ್ ಕಲ್ಮೇಶ ಯಾರನ್ನೂ ನಂಬುವುದಿಲ್ಲ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಉತ್ತರ ಆಸ್ಟಿನ್‌ನ ಸೀಡರ್ ಬೆಂಡ್ ಕಾಲೇಜಿನ ಮೈದಾನದಲ್ಲಿ ಹುಲ್ಲಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್‌ಗಳು ಈಗಷ್ಟೇ ನಿಂತಿವೆ. ಹುಡುಗರು ಬರಲು ಹೊತ್ತಿದೆ. ಕೊರಳಲ್ಲಿ ಸೀಟಿ, ತಲೆಯ ಮೇಲೆ ಬೆವರಿನ ಕಲೆ ಕಟ್ಟಿದ ಟೋಪಿ, ಒಂದು ಮೊಣಕಾಲಿಗೆ ಬಿಗಿದ ಪಟ್ಟಿ. ದಢೂತಿ ಮೈಯ ಕಲ್ಮೇಶ ಹುಲಕೋಟಿ ಮೈದಾನದ ಬಿಳಿ ಗೆರೆಯ ಮೇಲೆ ನಿಂತು, ಬೇಲಿಯಾಚೆಯ ಅಪಾರ್ಟ್‌ಮೆಂಟಿನ ಬಾಲ್ಕನಿಯೊಂದನ್ನು ದಿಟ್ಟಿಸುತ್ತಿದ್ದಾರೆ. ಅಲ್ಲೊಬ್ಬ ಹೆಂಗಸು ಕಾಫಿ ಕುಡಿಯುತ್ತ ನಿಂತಿದ್ದಾಳೆ.

"ಬ್ಯಾಸಿಗಿ ಪೂರ್ತಿ ಆ ಮನಿ ಖಾಲಿ ಇತ್ರಿ. ಸರಿಯಾಗಿ ಸೀಜನ್ ಶುರು ಆದ ಮ್ಯಾಲ ಬಾಡಗಿಗೆ ಬಂದಾರ. ಯಾಕ ಬಂದಾರ?" ಎಂದು ಕೇಳುತ್ತಾರೆ. ಹೆಂಗಸು ಇವರನ್ನು ಕಂಡು ಕೈ ಬೀಸುತ್ತಾಳೆ. ಇವರೂ ಬೀಸುತ್ತಾರೆ. ಆಮೇಲೆ ದನಿ ತಗ್ಗಿಸಿ, "ಕೈ ಬ್ಯಾರೆ ಮಾಡಿದ್ಲು ನೋಡ್ರಿ. ಈಗಂತೂ ಗ್ಯಾರಂಟಿ ಏನೋ ಐತಿ" ಎನ್ನುತ್ತಾರೆ.

ಕಲ್ಮೇಶ ಈ ಕಾಲೇಜಿನ ಫುಟ್‌ಬಾಲ್ ತಂಡದ ಹೆಡ್ ಕೋಚ್ ಆಗಿ ಇಪ್ಪತ್ತು ವರ್ಷ ದಾಟಿದೆ. ಟೆಕ್ಸಸ್‌ನಲ್ಲಿ ಲಕ್ಷ ಜನ ಕೂರುವ ಸ್ಟೇಡಿಯಂಗಳಿವೆ; ಅಲ್ಲಿನ ಕೋಚ್‌ಗಳ ಮುಖ ಹೆದ್ದಾರಿಯ ಬದಿಯ ಜಾಹೀರಾತು ಫಲಕಗಳಲ್ಲಿ ನಗುತ್ತಿರುತ್ತದೆ. ಸೀಡರ್ ಬೆಂಡ್‌ನಲ್ಲಿರುವುದು ತುಕ್ಕು ಹಿಡಿದ ಕಬ್ಬಿಣದ ಮೆಟ್ಟಿಲುಗಳು. ಮೈದಾನಕ್ಕೆ ಗೆರೆ ಎಳೆಯುವವರೂ ಕಲ್ಮೇಶರೇ, ಆಟ ಮುಗಿದ ಮೇಲೆ ಬೆವರಿನ ಜೆರ್ಸಿಗಳನ್ನು ವಾಷಿಂಗ್ ಮಷಿನ್‌ಗೆ ತುಂಬುವವರೂ ಅವರೇ. ಡಲ್ಲಾಸ್ ಆಗಲಿ, ಹ್ಯೂಸ್ಟನ್ ಆಗಲಿ, ಪಂದ್ಯಕ್ಕೆ ಹೋಗುವುದು ಬಸ್ಸಿನಲ್ಲಿ. ಬಸ್ಸಿನಲ್ಲಿ ಅವರು ಕೂರುವುದು ಕೊನೆಯ ಸೀಟಿನಲ್ಲಿ. ಯಾಕೆಂದರೆ, "ಅಲ್ಲಿಂದ ಎಲ್ಲಾರೂ ಕಾಣ್ತಾರ."

ಅವರ ತಂದೆ ಸಿದ್ರಾಮಪ್ಪ ಗದಗಿನವರು. ಪೈಪ್‌ಲೈನ್ ಕಂಪನಿಯೊಂದರ ಎಂಜಿನಿಯರ್ ಆಗಿ ಹ್ಯೂಸ್ಟನ್‌ಗೆ ಬಂದಾಗ ಮಗನಿನ್ನೂ ಪ್ರೈಮರಿ ಶಾಲೆ. ಇಂಗ್ಲಿಷ್ ಬಾರದ, ಅಗಲ ಭುಜದ ಹುಡುಗನನ್ನು ಶಾಲೆಯ ಮಾಸ್ತರರು ನೋಡಿ ನೇರವಾಗಿ ಫುಟ್‌ಬಾಲ್ ಮೈದಾನಕ್ಕೆ ಕರೆದೊಯ್ದರು. "ಹೆಲ್ಮೆಟ್ ಹಾಕ್ಕೊಂಡ ಮ್ಯಾಲ ಇಂಗ್ಲಿಷ್ ಬರ್ತೈತೋ ಇಲ್ಲೋ ಯಾರ್ ಕೇಳ್ತಾರ್ರಿ? ಎದುರಿಗೆ ಬಂದಾಂವನ್ನ ತಡೀಬೇಕು, ಅಷ್ಟ" ಎನ್ನುತ್ತಾರೆ. ಡಿಗ್ರಿ ಮುಗಿದ ಮೇಲೂ ಅವರು ಮೈದಾನ ಬಿಡಲಿಲ್ಲ. ತಾಯಿ ಶಾಂತವ್ವ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರಂತೆ: "ಮಂದಿ ಮಕ್ಕಳು ಡಾಕ್ಟರ್ ಆಗ್ಯಾರ. ನನ್ನ ಮಗ ಸೀಟಿ ಊದ್ತಾನ."

ಮೊದಲ ಕೆಲಸ ಡಲ್ಲಾಸ್‌ನ ಉತ್ತರಕ್ಕೆ, ಅಲೆನ್ ಕಡೆಯ ಒಂದು ಶಾಲೆಯಲ್ಲಿ. ಹುಬ್ಬಳ್ಳಿಯ ಪ್ರೇರಣಾ ಮದುವೆಯಾಗಿ ಬಂದದ್ದು ಅಲ್ಲಿಗೇ. ಆಮೇಲೆ ಹ್ಯೂಸ್ಟನ್‌ನ ಕಾಲೇಜೊಂದರಲ್ಲಿ ಸಹಾಯಕ ಕೋಚ್. ಅನುಮಾನದ ಬೀಜ ಬಿದ್ದದ್ದು ಅಲ್ಲಿ. ಒಂದು ಭಾನುವಾರ ಹೆಡ್ ಕೋಚ್ ಇವರ ಮನೆಗೇ ಬಂದು, ಪ್ರೇರಣಾ ಬಡಿಸಿದ ರೊಟ್ಟಿ ಎಣ್ಣೆಗಾಯಿಯನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡು ಹೋದರು. "ಮರುದಿನ ಆಫೀಸಿಗೆ ಹೋದ್ರ ನನ್ನ ಕುರ್ಚಿ ಮ್ಯಾಲ ಬ್ಯಾರೆ ಯಾಂವೋ ಕುಂತಿದ್ದ. ನನ್ನ ಸಾಮಾನು ಡಬ್ಬಿಯೊಳಗ ತುಂಬಿ ಬಾಗಿಲ ಹೊರಗ ಇಟ್ಟಿದ್ರು. ಊಟ ಮಾಡೂ ಮುಂದ ಅಂವಗ ಎಲ್ಲಾ ಗೊತ್ತಿತ್ತು." ಅಂದಿನಿಂದ ಯಾರಾದರೂ ಹೆಚ್ಚು ನಕ್ಕರೆ, ಕೈಯಲ್ಲೇನು ಮುಚ್ಚಿಟ್ಟಿದ್ದಾರೆಂದು ಕಲ್ಮೇಶ ನೋಡುತ್ತಾರೆ.

ಆಸ್ಟಿನ್‌ಗೆ ಬಂದ ಮೇಲೂ ಆ ಸ್ವಭಾವ ಹೋಗಲಿಲ್ಲ. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಸಾಫ್ಟ್‌ವೇರ್ ಮಂದಿ ಇವರನ್ನು, "ಕೋಚಿಂಗ್ ಸರಿ, ಕೆಲಸ ಎಲ್ಲಿ ಮಾಡೋದು ಸರ್?" ಎಂದು ಕೇಳುತ್ತಾರೆ. ಹಾಗೆ ಕೇಳದ ಒಬ್ಬರೇ ಒಬ್ಬರು ಉಲ್ಲಾಸ್. ಮೈಸೂರಿನವರು, ಆಸ್ಟಿನ್‌ನ ಡೊಮೇನ್ ಬಡಾವಣೆಯ ಕಂಪನಿಯೊಂದರಲ್ಲಿ ಎಂಜಿನಿಯರ್, ಮನೆ ಪಕ್ಕದ ಊರು ರೌಂಡ್ ರಾಕ್‌ನಲ್ಲಿ. ದೀಪಾವಳಿ ಊಟದ ಸಾಲಿನಲ್ಲಿ ಸಿಕ್ಕವರು, "ಒಂದ್ಸಲ ಆಟ ನೋಡೋಕೆ ಬರ್ಲಾ ಕೋಚ್?" ಎಂದರು. ಬಂದವರು ಹನ್ನೆರಡು ವರ್ಷ ಹೋಗಲೇ ಇಲ್ಲ. ಪಂದ್ಯಗಳನ್ನು ಎತ್ತರದ ಅಟ್ಟಣಿಗೆಯಿಂದ ವಿಡಿಯೊ ಮಾಡಿ, ತುಂಡು ತುಂಡಾಗಿ ಕತ್ತರಿಸಿ, ಯಾರು ಎಲ್ಲಿ ತಪ್ಪಿದರೆಂದು ತೋರಿಸುವುದು ಅವರ ಕೆಲಸ. ಸಂಬಳವಿಲ್ಲ. ವಿಡಿಯೊ ಕೋಣೆಯ ಕೀಲಿಕೈ ಇದ್ದದ್ದು ಇಬ್ಬರ ಬಳಿ ಮಾತ್ರ: ಕಲ್ಮೇಶ ಮತ್ತು ಉಲ್ಲಾಸ್.

ಕಳೆದ ವರ್ಷ ಬೇಸಿಗೆ ಮುಗಿದು ಸೀಜನ್ ಶುರುವಾದ ಮೇಲೆ ಸೀಡರ್ ಬೆಂಡ್ ಮೇಲಿಂದ ಮೇಲೆ ಸೋಲತೊಡಗಿತು.

ಇಲ್ಲಿನ ಫುಟ್‌ಬಾಲ್ ನಾವು ಕಾಲಲ್ಲಿ ಒದೆಯುವ ಆಟವಲ್ಲ. ಚೆಂಡು ಸಿಕ್ಕ ತಂಡಕ್ಕೆ ಮುಖ್ಯವಾಗಿ ಎರಡು ದಾರಿ. ಚೆಂಡನ್ನು ಬಗಲಲ್ಲಿ ಅವುಚಿಕೊಂಡು ನುಗ್ಗಿ ಓಡಬೇಕು, ಇಲ್ಲವೇ ದೂರಕ್ಕೆ ಎಸೆಯಬೇಕು. ಪ್ರತಿ ಸಲವೂ ಯಾವುದೆಂದು ತೀರ್ಮಾನಿಸುವವರು ಅಂಚಿನಲ್ಲಿ ನಿಂತ ಕೋಚ್. ಎದುರಾಳಿಗೆ ಅದು ಮೊದಲೇ ತಿಳಿದುಬಿಟ್ಟರೆ ಆಟ ಮುಗಿದಂತೆ. ಆ ಶರತ್ಕಾಲದಲ್ಲಿ ಹಾಗೇ ಆಯಿತು. ಇವರು ಓಡಿಸಬೇಕೆಂದಾಗ ಎದುರಾಳಿಗಳು ಗೋಡೆಯಂತೆ ಒಟ್ಟಾಗುತ್ತಿದ್ದರು. ಎಸೆಯಿಸಬೇಕೆಂದಾಗ ಹಿಂದಕ್ಕೆ ಸರಿದು ಕಾಯುತ್ತಿದ್ದರು. ಹ್ಯೂಸ್ಟನ್‌ನವರೂ ಹಾಗೇ, ಡಲ್ಲಾಸ್‌ನವರೂ ಹಾಗೇ.

"ಮನಿಯೊಳಗಿನ ಇಲಿ ಇಲ್ದ ಇದು ಆಗಂಗಿಲ್ಲ ಅನ್ಕೊಂಡೆ" ಎನ್ನುತ್ತಾರೆ ಕಲ್ಮೇಶ.

ಇಲಿಯನ್ನು ಹುಡುಕುವುದು ಅವರಿಗೆ ಕಷ್ಟವಾಗಲಿಲ್ಲ. ಉಲ್ಲಾಸ್ ಆ ದಿನಗಳಲ್ಲಿ ಕಣ್ಣು ತಪ್ಪಿಸುತ್ತಿದ್ದರು. ಕೋಚ್ ಒಳಗೆ ಬಂದರೆ ಲ್ಯಾಪ್‌ಟಾಪ್ ಮುಚ್ಚುತ್ತಿದ್ದರು. ಒಂದು ಶುಕ್ರವಾರ ಮೈಗೆ ಹುಷಾರಿಲ್ಲ ಎಂದವರ ಕಾರು ಡಲ್ಲಾಸ್ ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಕಂಡಿತೆಂದು ಆಟಗಾರನ ತಂದೆಯೊಬ್ಬರು ಮಾತಿಗೆ ಮಾತು ಬಂದು ಹೇಳಿದರು. ಮರುವಾರ ಕಲ್ಮೇಶ ಪಾರ್ಕಿಂಗ್‌ನಲ್ಲಿ ಆ ಕಾರಿನ ಕಿಟಕಿಯೊಳಗೆ ಹಣಕಿದರು. ಹಿಂದಿನ ಸೀಟಿನ ಮೇಲೆ ಡಲ್ಲಾಸ್ ಕಾಲೇಜಿನ ಹೆಸರಿದ್ದ ಹೊಚ್ಚಹೊಸ ಟೀ ಶರ್ಟ್.

ಪರೀಕ್ಷಿಸಲು ಒಂದು ಬಲೆ ಬೀಸಿದರು. ಪಂದ್ಯದ ತಂತ್ರಗಳನ್ನೆಲ್ಲ ಉಲ್ಲಾಸ್ ಎದುರು ಒಂದು ರೀತಿ ಹೇಳಿ, ಪಂದ್ಯಕ್ಕೆ ಮುಂಚೆ ಲಾಕರ್ ರೂಮಿನ ಬಾಗಿಲು ಹಾಕಿಕೊಂಡು ಹುಡುಗರಿಗೆ ಬೇರೆಯದನ್ನೇ ಹೇಳಿಕೊಟ್ಟರು. ಎದುರಾಳಿಗಳು ಆ ಹೊಸದನ್ನೂ ಹಿಡಿದರು. ಉಲ್ಲಾಸ್‌ಗೆ ಗೊತ್ತೇ ಇಲ್ಲದ್ದು ಹೊರಗೆ ಹೋಗಿದೆ ಎಂದರೆ ಹೇಳಿದವರು ಉಲ್ಲಾಸ್ ಅಲ್ಲ, ಅಷ್ಟು ಸರಳ. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. "ಅಂವ ಭಾಳ ಶಾಣ್ಯಾ, ನಾ ಬದಲಿ ಮಾಡ್ತೀನಿ ಅನ್ನೂದೂ ಅಂವಗ ಗೊತ್ತಾಗೇತಿ ಅನ್ಕೊಂಡೆ ನೋಡ್ರಿ. ಎಂಥಾ ತಲಿ ನಂದು!"

ಸೋಮವಾರ ವಿಡಿಯೊ ಕೋಣೆಗೆ ಹೋಗಿ ಕೈ ಚಾಚಿದರು. "ಕೀಲಿಕೈ ಕೊಡು."

ಉಲ್ಲಾಸ್ ಒಂದು ಕ್ಷಣ ಅವರ ಮುಖ ನೋಡಿದರು. ಯಾಕೆಂದು ಕೇಳಲಿಲ್ಲ. ಗೊಂಚಲಿನಿಂದ ಕೀಲಿಕೈ ಬಿಡಿಸಿ ಮೇಜಿನ ಮೇಲಿಟ್ಟು, ತಮ್ಮ ಸ್ವೆಟರ್ ಎತ್ತಿಕೊಂಡು ಹೊರಟುಹೋದರು. ಕೇಳದೆ ಹೋದದ್ದೇ ತಪ್ಪೊಪ್ಪಿಗೆ ಎಂದು ಕಲ್ಮೇಶ ತೀರ್ಮಾನಿಸಿದರು.

ಮುಂದಿನ ಪಂದ್ಯವನ್ನೂ ಸೋತರು.

ಈಗ ವಿಡಿಯೊ ಮಾಡುವವರಿರಲಿಲ್ಲ. ಆಟಗಾರನೊಬ್ಬನ ತಾಯಿ ಎದುರು ಬದಿಯ ಗ್ಯಾಲರಿಯಲ್ಲಿ ಕೂತು ಫೋನಿನಲ್ಲಿ ತೆಗೆದದ್ದನ್ನು ಕಳಿಸಿದ್ದರು. ಭಾನುವಾರ ಸಂಜೆ ಕಲ್ಮೇಶ ಅದನ್ನೇ ಮನೆಯ ಟಿವಿಗೆ ಹಾಕಿಕೊಂಡು ಕೂತರು. ಉಲ್ಲಾಸ್‌ರ ವಿಡಿಯೊಗಳಲ್ಲಿ ಆಟಗಾರರು ಮಾತ್ರ ಇರುತ್ತಿದ್ದರು. ಇದರಲ್ಲಿ ಆಟದ ಹಿಂದೆ, ಅಂಚಿನಲ್ಲಿ ನಿಂತ ಕಲ್ಮೇಶರೂ ಇದ್ದರು. ಪ್ರೇರಣಾ ಚಹಾ ತಂದಿಟ್ಟು, ಸೋಫಾದ ಕೈಯ ಮೇಲೆ ಕೂತು ನೋಡಿದರು.

"ಈಗ ಓಡಸ್ತೀರಿ" ಎಂದರು.

ಪರದೆಯ ಮೇಲೆ ಹುಡುಗ ಚೆಂಡು ಅವುಚಿಕೊಂಡು ಓಡಿದ.

"ಈಗೂ ಓಡಸೂದ." ಓಡಿದ. "ಈಗ ಒಗಸ್ತೀರಿ." ಚೆಂಡು ಗಾಳಿಯಲ್ಲಿ ಹಾರಿತು.

ಕಲ್ಮೇಶ ಚಹಾದ ಕಪ್ ಕೆಳಗಿಟ್ಟರು. "ನಿನಗ ಯಾರ್ ಹೇಳಿದ್ರು? ಉಲ್ಲಾಸ್ ಫೋನ್ ಮಾಡಿದ್ನೇನು?" ಹೌದು, ಆ ಗಳಿಗೆಯಲ್ಲಿ ಹೆಂಡತಿಯ ಮೇಲೂ ಅನುಮಾನ ಬಂದಿತ್ತು.

"ಯಾರ್ ಹೇಳಬೇಕ್ರಿ? ಓಡಸೂ ಮುಂದ ನೀವು ಪ್ಯಾಂಟ್ ಮ್ಯಾಲ ಏರಿಸ್ಕೋತೀರಿ. ಒಗಸೂ ಮುಂದ ಟೋಪಿ ಹಿಂದಕ್ಕ ಸರಸ್ತೀರಿ. ಅಲೆನ್‌ನ್ಯಾಗ ಇದ್ದಾಗಿಂದ ಹಿಂಗ ಮಾಡ್ತೀರಿ."

"ಮತ್ತ ಹೇಳಬಾರದೇನು?"

"ಬೇಕಂತಲೇ ಮಾಡ್ತೀರಿ ಅನ್ಕೊಂಡಿದ್ದೆ, ಹುಡುಗರಿಗೆ ಕೈಸನ್ನಿ ಮಾಡ್ತಿರಬೇಕು ಅಂತ. ನನಗೇನ್ ಗೊತ್ತಾಗ್ತೈತ್ರಿ ಆಟ? ನಾ ಯಾವಾಗ ಆಟ ನೋಡೇನಿ? ಅಷ್ಟು ದಪ್ಪ ಮಂದಿ ಹಾಯೂ ಕಡೆ ನೀವು ನಿಂತಿರ್ತೀರಿ. ನಿಮಗ ಪೆಟ್ಟಾಗದಿದ್ರ ಸಾಕು ಅಂತ ನಿಮ್ಮನ್ನ ನೋಡ್ಕೋತ ಕುಂತಿರ್ತೀನಿ."

ಅವೇ ತಂಡಗಳ ಎದುರು ವರ್ಷ ವರ್ಷವೂ ಹುಡುಗರನ್ನು ಆಡಿಸಿದವರು ಕಲ್ಮೇಶ. ಪ್ರೇರಣಾ ಕಂಡದ್ದು ಕೊನೆಗೊಮ್ಮೆ ಎದುರಾಳಿಗಳಿಗೂ ಕಂಡಿತ್ತು. ಗುಟ್ಟು ಬಿಟ್ಟುಕೊಟ್ಟ ಇಲಿ ಸ್ವತಃ ಕಲ್ಮೇಶರೇ.

ಮರುದಿನ ಹುಡುಗರನ್ನೆಲ್ಲ ಹುಲ್ಲಿನ ಮೇಲೆ ಕೂರಿಸಿ ಅದನ್ನೇ ಹೇಳಿದರು. ಆಮೇಲೆ ಹಿಂದಿನ ಸಾಲಿನ ಒಬ್ಬ ಎದ್ದು, ಪ್ಯಾಂಟ್ ಏರಿಸಿಕೊಳ್ಳುವ ಅವರ ರೀತಿಯನ್ನು ಹಾಗೇ ಮಾಡಿ ತೋರಿಸಿದ. ಇಡೀ ತಂಡ ಬಿದ್ದು ಬಿದ್ದು ನಕ್ಕಿತು. "ಅವರಿಗೂ ಗೊತ್ತಿತ್ರಿ, ಮಕ್ಕಳಿಗೆ! ಕೋಚ್‌ಗೆ ಹೆಂಗ ಹೇಳೂದು ಅಂತ ಸುಮ್ಮನಿದ್ರು. ನಾ ಎಲ್ಲಾರನ್ನೂ ಕಳ್ಳರ ಗತೆ ನೋಡಿದ್ರ ಯಾರ್ ಬಂದು ಹೇಳ್ತಾರ?"

ಅವತ್ತೇ ರೌಂಡ್ ರಾಕ್‌ಗೆ ಡ್ರೈವ್ ಮಾಡಿದರು. ಬಾಗಿಲು ತೆರೆದವರು ಉಲ್ಲಾಸ್‌ರ ಹೆಂಡತಿ ಮಧುರಾ. "ಬನ್ನಿ" ಎಂದರು, "ಕೂತ್ಕೊಳ್ಳಿ" ಎನ್ನಲಿಲ್ಲ. ಕಲ್ಮೇಶ ನಿಂತೇ ಎಲ್ಲವನ್ನೂ ಹೇಳಿದರು. ಉಲ್ಲಾಸ್ ಕೇಳಿಸಿಕೊಂಡರು.

"ಆ ಟೀ ಶರ್ಟ್ ನಿಶಿತಾದು ಕೋಚ್" ಎಂದರು ಕೊನೆಗೆ. ನಿಶಿತಾ ಅವರ ಮಗಳು. "ಅವಳಿಗೆ ಡಲ್ಲಾಸ್‌ನಲ್ಲೇ ಓದಬೇಕು ಅಂತ. ಲ್ಯಾಪ್‌ಟಾಪ್‌ನಲ್ಲಿ ಅದರ ಅರ್ಜಿನೇ ತುಂಬ್ತಿದ್ದೆ, ಕಾಲೇಜ್ ನೋಡೋಕೂ ಕರ್ಕೊಂಡು ಹೋಗಿದ್ದೆ. ನಿಮಗೆ ಹೇಳಿದ್ರೆ ಬೇಜಾರಾಗತ್ತೇನೋ ಅಂತ ಹುಷಾರಿಲ್ಲ ಅಂದೆ. ಅದು ನನ್ನ ತಪ್ಪೇ."

"ನಂದು ದೊಡ್ಡ ತಪ್ಪಪಾ. ನಿನ್ನ ಮ್ಯಾಲ ಅನುಮಾನ ಪಟ್ಟೆ."

"ನೀವು ಎಲ್ರ ಮೇಲೂ ಪಡ್ತೀರಿ, ಅದು ಗೊತ್ತಿತ್ತು. ಹನ್ನೆರಡು ವರ್ಷ ಆದ್ಮೇಲೆ ಒಂದು ಮಾತು ಕೇಳ್ತೀರಿ ಅಂದ್ಕೊಂಡಿದ್ದೆ. ಕೇಳ್ಲಿಲ್ಲ."

ಕಲ್ಮೇಶ ಕೀಲಿಕೈಯನ್ನು ಟೀಪಾಯಿಯ ಮೇಲಿಡಲು ಹೋದರು. ಉಲ್ಲಾಸ್ ಬೇಡವೆಂದರು. ಆ ಸೀಜನ್ ಮುಗಿಯುವವರೆಗೂ ಅವರು ಮೈದಾನದ ಕಡೆ ಸುಳಿಯಲಿಲ್ಲ. ಉಳಿದ ಪಂದ್ಯಗಳಲ್ಲಿ ಕಲ್ಮೇಶ ಎರಡೂ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ನಿಂತರು. ಒಂದನ್ನು ಗೆದ್ದರು, ಒಂದನ್ನು ಸೋತರು.

ವಸಂತದಲ್ಲಿ ಅಭ್ಯಾಸ ಶುರುವಾದ ಮೇಲೆ ಒಂದು ಶನಿವಾರ ಉಲ್ಲಾಸ್ ತಾವಾಗಿಯೇ ಬಂದು ಅಟ್ಟಣಿಗೆ ಹತ್ತಿದರು. ಆದರೆ ಕೀಲಿಕೈಯನ್ನು ಅವರು ಇವತ್ತಿಗೂ ತೆಗೆದುಕೊಂಡಿಲ್ಲ. ಕೆಲಸ ಮುಗಿದರೆ ಲ್ಯಾಪ್‌ಟಾಪ್ ಚೀಲವನ್ನು ಕೋಚ್ ಮೇಜಿನ ಮೇಲೆ ಎದ್ದು ಕಾಣುವಂತೆ ಇಟ್ಟು, "ಎಲ್ಲಾ ಇಲ್ಲೇ ಇದೆ ಕೋಚ್" ಎಂದು ಹೇಳಿಯೇ ಮನೆಗೆ ಹೋಗುತ್ತಾರೆ. ಆ ಮಾತು ಕೇಳಿದಾಗಲೆಲ್ಲ ಎದೆಗೆ ಮುಳ್ಳು ಚುಚ್ಚಿದಂತಾಗುತ್ತದೆ ಎನ್ನುತ್ತಾರೆ ಕಲ್ಮೇಶ.

ಕಳೆದ ತಿಂಗಳು ಡಲ್ಲಾಸ್‌ನಲ್ಲಿ ಪಂದ್ಯವಿತ್ತು. ನಿಶಿತಾ ಈಗ ಅಲ್ಲಿಯ ವಿದ್ಯಾರ್ಥಿನಿ, ಕಾಲೇಜಿನ ಬ್ಯಾಂಡ್‌ನಲ್ಲಿ ಡ್ರಮ್ ಬಾರಿಸುತ್ತಾಳೆ. ಪಂದ್ಯಕ್ಕೆ ಮುಂಚೆ ಎದುರಿನ ಗ್ಯಾಲರಿಯಲ್ಲಿ ಡ್ರಮ್ ಸದ್ದು ಕೇಳಿದಾಗಲೆಲ್ಲ ಉಲ್ಲಾಸ್‌ರ ಕತ್ತು ಆ ಕಡೆ ತಿರುಗುತ್ತಿದ್ದುದನ್ನು ಕಲ್ಮೇಶ ಕಂಡರು.

"ಹೋಗು, ಮಗಳ ಹತ್ರ ಕುಂತು ಆಟ ನೋಡು. ವಿಡಿಯೊ ಮಾಡಾಕ ಬ್ಯಾರೆಯವರು ಅದಾರ."

ಉಲ್ಲಾಸ್ ಈ ವರ್ಷದ ಎಲ್ಲ ತಂತ್ರಗಳೂ ಇದ್ದ ಲ್ಯಾಪ್‌ಟಾಪ್ ಚೀಲವನ್ನು ಹೆಗಲಿನಿಂದ ಇಳಿಸಿ ಬೆಂಚಿನ ಮೇಲಿಡಲು ಬಂದರು. "ಹಾಗಾದ್ರೆ ಇದು ಇಲ್ಲೇ ಇರ್ಲಿ ಕೋಚ್."

"ನಿನ್ನ ಚೀಲ ನೀನ ತಗೊಂಡ್ ಹೋಗಪಾ. ಇಲ್ಲಿ ಯಾರ್ ಕಾಯ್ಕೋತ ಕುಂದರ್ತಾರ?"

ಉಲ್ಲಾಸ್ ಕೋಚ್ ಮುಖವನ್ನೊಮ್ಮೆ ನೋಡಿದರು. ಚೀಲವನ್ನು ಮತ್ತೆ ಹೆಗಲಿಗೇರಿಸಿ, ಮೈದಾನವನ್ನು ಸುತ್ತಿ ಎದುರಾಳಿಗಳ ಗ್ಯಾಲರಿಯ ಕಡೆ ನಡೆದರು. ಸೀಡರ್ ಬೆಂಡ್ ಆ ಪಂದ್ಯವನ್ನು ಸೋತಿತು, ಕೊನೆಯ ಗಳಿಗೆಯಲ್ಲಿ, ಕೂದಲೆಳೆಯ ಅಂತರದಲ್ಲಿ.

ಬೆಳಕು ಈಗ ಪೂರ್ತಿ ಹರಿದಿದೆ. ಹುಡುಗರು ಕಣ್ಣುಜ್ಜುತ್ತ ಒಬ್ಬೊಬ್ಬರೇ ಮೈದಾನಕ್ಕಿಳಿಯುತ್ತಿದ್ದಾರೆ. ಚೀಲ ಆ ಕಡೆ ಹೋದಾಗ ನಿಮಗೆ ಏನೂ ಅನ್ನಿಸಲಿಲ್ಲವೇ ಎಂದು ಕೇಳಿದರೆ ಕಲ್ಮೇಶ ಸೀಟಿಯನ್ನು ಬಾಯಿಯ ಹತ್ತಿರ ತಂದು ನಿಲ್ಲಿಸುತ್ತಾರೆ.

"ಅನುಮಾನ ಬಂತ್ರಿ. ಸುಳ್ಳ ಯಾಕ ಹೇಳ್ಲಿ? ಅಂವ ಅರ್ಧ ದಾರಿ ಹೋಗೂದ್ರಾಗ ಬಂತು. ಆದ್ರ ನಾ ತಿರುಗಿ ನೋಡ್ಲಿಲ್ಲ."