ಕೊರಳಲ್ಲಿ ನೇತಾಡುತ್ತಿದ್ದ ನಂಬರು

ತಾಂಡ್ಯದ ಕಾರ್ಖಾನೆಯೊಂದರಲ್ಲಿ ನಾನು ಹಾಜರಿ, ಸಂಬಳ ನೋಡುವ ಟೈಮ್ ಆಫೀಸ್ ಗುಮಾಸ್ತನಾಗಿದ್ದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಸಂಬಳ ಬ್ಯಾಂಕಿಗೆ ಹೋಗತೊಡಗಿ ಎಲ್ಲರಿಗೂ ಎಟಿಎಂ ಕಾರ್ಡ್ ಬಂತು. ಗುಟ್ಟಿನ ನಂಬರು ಮರೆತುಹೋಯಿತೆಂದು ಪ್ರತಿ ತಿಂಗಳೂ ನನ್ನ ಕಿಟಕಿಯ ಮುಂದೆ ಗಲಾಟೆ. ರೇಗಿಹೋಯಿತು.

“ಕೊರಳಲ್ಲೇ ನಾಲ್ಕಂಕಿ ಟೋಕನ್ ನಂಬರ್ ನೇತಾಕ್ಕೊಂಡಿದ್ದೀರಲ್ಲ, ಅದನ್ನೇ ಇಟ್ಕೊಳ್ಳಿ. ಸತ್ರೂ ಮರೆಯಲ್ಲ” ಎಂದೆ.

ಹಾಗೆ ಮಾಡಬಾರದೆಂದು ಬ್ಯಾಂಕಿನ ಕಾಗದದಲ್ಲಿತ್ತು. ಓದಿದ್ದೆ. ಎಸೆಸೆಲ್ಸಿ ಪಾಸಾದ ನನಗೇ ಬುದ್ಧಿ ಹೇಳುತ್ತಾರೆಯೇ ಎಂಬ ಸೊಕ್ಕು.

ಪ್ಯಾಕಿಂಗಿನಲ್ಲಿ ಹುಲ್ಲಹಳ್ಳಿಯ ವಿಧವೆಯೊಬ್ಬಳಿದ್ದಳು. ಟೋಕನ್ ನಂಬರು ಬರೆದಿದ್ದ ಗೇಟ್ ಪಾಸಿನ ಪ್ಲಾಸ್ಟಿಕ್ ಚೀಲದಲ್ಲೇ, ಪಾಸಿನ ಹಿಂದೆ, ಕಾರ್ಡನ್ನೂ ಇಟ್ಟುಕೊಂಡಿದ್ದಳು. ಒಂದು ದಿನ ಚೀಲ ಬಸ್ಸಿನಲ್ಲಿ ಕಳೆಯಿತು. ಬ್ಯಾಂಕಿಗೆ ತಿಳಿಸುವಷ್ಟರಲ್ಲಿ ಮಗಳ ನರ್ಸಿಂಗ್ ಫೀಸಿಗೆಂದು ಕೂಡಿಟ್ಟದ್ದೆಲ್ಲ ಹೋಗಿತ್ತು. ತೆಗೆದದ್ದು ನರಸೀಪುರದ ಮೆಷಿನ್ನಿನಲ್ಲಿ.

“ನಂಬರು ಅವ್ರಿಗೆಂಗ್ ಗೊತ್ತಾಯ್ತು ಸಾ?” ಎಂದಳು.

ನನಗೆ ತಕ್ಷಣ ಹೊಳೆಯಿತು: ಪಾಸಿನ ಮೇಲಿದ್ದ ನಂಬರೇ ಅವಳ ಗುಟ್ಟಿನ ನಂಬರು. ಹಿಂದೆ ಟೀಗೆ ಸಾಲು ನಿಂತಿತ್ತು. ಅಷ್ಟು ಜನರ ಮುಂದೆ, “ನರಸೀಪುರದಲ್ಲಿ ನಿನಗ್ಯಾರಮ್ಮ ಇರೋದು?” ಎಂದು ಕೇಳಿದೆ.

ನರಸೀಪುರದಲ್ಲಿದ್ದವನು ಅವಳ ಮೈದುನ. ಸೈಕಲ್ ಶಾಪು ಇಟ್ಟುಕೊಂಡು, ಅಣ್ಣ ಸತ್ತಾಗಿನಿಂದ ತಾಯಿ ಮಗಳನ್ನು ನೋಡಿಕೊಂಡವನು. ಆ ವಾರವೇ ಅವಳು ಅವನಿಗೆ ಹೊಸ್ತಿಲು ತುಳಿಯಬೇಡ ಎಂದಳಂತೆ. ಮರುದಿನ ಅವನು ನಮ್ಮ ಗೇಟಿಗೆ ಬಂದ.

“ನನ್ನ ಕಳ್ಳ ಅಂದ್ಯಂತಲ್ಲ. ಮೊಕ ನೋಡ್ಕೊಂಡು ಅನ್ಲಾ!”

“ಕಳ್ಳನ ಕೊಬ್ಬು ನೋಡ್ರಪ್ಪ” ಎಂದೆ. ಶಿಫ್ಟು ಬಿಟ್ಟು ಬಂದವರೆಲ್ಲ ನಕ್ಕರು. ಕಾವಲಿನವನು ಅವನ ಕತ್ತು ಹಿಡಿದು ರಸ್ತೆಗೆ ದಬ್ಬಿದ. ನಾನೇ ದಬ್ಬಿಸಿದ್ದು.

ಆಮೇಲೆ ಒಬ್ಬೊಬ್ಬರನ್ನೇ ಕರೆದು, ನಂಬರು ಬದಲಾಯಿಸಿಕೊಳ್ಳಿ ಎಂದು ಮೆಲ್ಲಗೆ ಹೇಳಿದೆ. ಅದು ಅವಳ ಕಿವಿಗೂ ಬಿತ್ತು.

“ನಮ್ಮೈದ್ನನೇ ಕದ್ದಿದ್ರೆ ಎಲ್ರೂ ಯಾಕ್ ಬದಲಾಯಿಸ್ಬೇಕು ಸಾ?”

“ಕೆಲಸ ಬೇಕೋ ಬೇಡ್ವೋ ನಿನಗೆ?” ಎಂದೆ.

ಅವಳು ಮತ್ತೆ ಕೇಳಲಿಲ್ಲ. ಮುಂದಿನ ವರ್ಷ ಮಗಳೂ ಪ್ಯಾಕಿಂಗಿಗೆ ಸೇರಿದಳು. ಆ ಹುಡುಗಿಯ ಟೋಕನ್ ಬರೆದವನೂ ನಾನೇ.

ರಿಟೈರಾದ ಮೇಲೆ ನರಸೀಪುರಕ್ಕೆ ಹೋಗಿ ಅವನಿಗೆ ಎಲ್ಲ ಹೇಳಿದೆ. ಟ್ಯೂಬನ್ನು ನೀರಿನಲ್ಲಿ ಅದ್ದಿ ಪಂಚರ್ ಹುಡುಕುತ್ತಿದ್ದವನು ತಲೆ ಎತ್ತಲಿಲ್ಲ.

“ನಂಗ್ಯಾಕ್ ಏಳ್ತೀಯ? ನಾನ್ ಕದ್ದಿಲ್ಲ ಅಂತ ನಂಗ್ ಗೊತ್ತಿಲ್ವಾ? ನಮ್ಮತ್ಗೆಗೆ ಏಳೋಗು. ಅವತ್ತು ನಕ್ಕೋರ್ಗೆ ಏಳೋಗು.”

ಹುಲ್ಲಹಳ್ಳಿಗೆ ಹೋದೆ. ಅವಳು ಕೂತ್ಕೊಳ್ಳಿ ಎನ್ನಲಿಲ್ಲ.

“ನೀವು ಕೆಲ್ಸ ಬೇಕೋ ಬೇಡ್ವೋ ಅಂದಾಗ್ಲೇ ನಂಗೆ ಗೊತ್ತಾಯ್ತು. ಅನ್ನ ಕಳ್ಕೊಳ್ಳೋ ಬಯಕ್ಕೆ ಬಾಯ್ ಮುಚ್ಕೊಂಡೆ. ಈಗ ಅವನ್ನ ಯಾವ್ ಮೊಕ ಇಟ್ಕೊಂಡು ಕರೀಲಿ? ಓಗಿ ಸಾ, ಮತ್ತೆ ಬರಬೇಡಿ.” ಬಾಗಿಲು ಹಾಕಿಕೊಂಡಳು.

ಅಂದು ನಕ್ಕವರು ಈಗ ದಿಕ್ಕಿಗೊಬ್ಬರು. ಎಲ್ಲರನ್ನೂ ಹುಡುಕಿ ಹೇಳುವ ಶಕ್ತಿ ನನಗಿಲ್ಲ. ಯಾರಾದರೂ ಇದನ್ನು ಓದಿದರೆ ತಿಳಿದುಕೊಳ್ಳಿ: ಸೈಕಲ್ ಶಾಪಿನವನು ಕದಿಯಲಿಲ್ಲ. ಆ ನಂಬರು ಇಡಿಸಿದವನು ನಾನು. ಗೊತ್ತಿದ್ದೂ ಅವನನ್ನು ಕಳ್ಳ ಅಂದವನೂ ನಾನೇ.