ಇಪ್ಪತ್ತೆರಡನೇ ಪೋರ್ಟಿನ ದೀಪ

ನಮ್ಮ ನೆಂಟರಿಷ್ಟರು ಸೇರಿದಲ್ಲಿ, ಊಟವಾದ ಮೇಲೆ ಯಾರಾದರೂ ದೆವ್ವದ ಮಾತು ತೆಗೆಯುತ್ತಾರೆ. ಸತ್ತುಹೋದ ಅತ್ತೆ ಹಿತ್ತಲಲ್ಲಿ ಕಂಡರು, ಬೀಗ ಹಾಕಿದ ಮನೆಯೊಳಗೆ ಯಾರೋ ಕೆಮ್ಮಿದರು, ಹೀಗೆ. ಸರಿಯಾಗಿ ಆ ಹೊತ್ತಿಗೆ ಎದ್ದು ಪಾತ್ರೆ ತೊಳೆಯಲು ಹೋಗುವವಳು ನಾನು. ಎದುರಿಗೆ ಕುಳಿತು ನಕ್ಕು ಹಿರಿಯರ ಮನಸ್ಸು ನೋಯಿಸುವುದಕ್ಕಿಂತ ಪಾತ್ರೆ ತಿಕ್ಕುವುದೇ ಮೇಲು ಎಂದು ನನ್ನ ಎಣಿಕೆ. ತಂತಿ, ವೋಲ್ಟೇಜುಗಳ ನಡುವೆ ಹೊಟ್ಟೆ ಹೊರೆಯುವವರಿಗೆ ಇಂಥದ್ದರಲ್ಲಿ ನಂಬಿಕೆ ಹುಟ್ಟುವುದು ಕಷ್ಟ. ದೀಪ ಹತ್ತಿದರೆ ಕರೆಂಟು ಇದೆ, ಹತ್ತದಿದ್ದರೆ ಇಲ್ಲ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕುಳಿತಿದ್ದೇನೆ. ನೀವು ಬೇಕಾದರೆ ಎದ್ದು ಪಾತ್ರೆ ತೊಳೆಯಲು ಹೋಗಬಹುದು, ನನಗೇನೂ ಬೇಸರವಿಲ್ಲ.

ನಾನು ಮತ್ತು ನನ್ನ ಅಣ್ಣ ಬೆಳಗಾವಿ ಕಡೆಯವರು. ಪುಣೆಯಲ್ಲಿ ಇಬ್ಬರೂ ಸೇರಿ ಆಫೀಸುಗಳಿಗೆ ನೆಟ್‌ವರ್ಕ್ ಕೇಬಲ್ ಎಳೆದುಕೊಡುವ ಸಣ್ಣ ಉದ್ಯೋಗ ಮಾಡಿಕೊಂಡಿದ್ದೇವೆ. ಏಣಿ, ಡ್ರಿಲ್ಲು, ಕೇಬಲ್ಲಿನ ಸುರುಳಿ ಅವನದು. ಲ್ಯಾಪ್‌ಟಾಪು, ಸ್ವಿಚ್ಚು, ಗಿರಾಕಿಗಳೊಡನೆ ಜಗಳ ನನ್ನದು. ಸ್ವಿಚ್ಚೆಂದರೆ ಗೋಡೆಯ ಮೇಲಿನ ಗುಂಡಿಯಲ್ಲ. ಮುಖದ ತುಂಬ ಸಾಲಾಗಿ ಕಿಂಡಿಗಳಿರುವ ಚಪ್ಪಟೆ ಪೆಟ್ಟಿಗೆ ಅದು. ಆ ಕಿಂಡಿಗಳನ್ನು ಪೋರ್ಟ್ ಎನ್ನುತ್ತೇವೆ. ಪ್ರತಿ ಪೋರ್ಟಿನಿಂದ ಹೊರಟ ಕೇಬಲ್ಲು ಎಲ್ಲೋ ಒಂದು ಕ್ಯಾಮೆರಾವನ್ನೋ ಮೇಜಿನ ಫೋನನ್ನೋ ಹೋಗಿ ಮುಟ್ಟುತ್ತದೆ. ಈಗಿನ ಸ್ವಿಚ್ಚುಗಳು ಅದೇ ಕೇಬಲ್ಲಿನಲ್ಲಿ ಮಾಹಿತಿಯ ಜೊತೆಗೆ ವಿದ್ಯುತ್ತನ್ನೂ ಕಳಿಸುತ್ತವೆ, ಹಾಗಾಗಿ ಕ್ಯಾಮೆರಾದ ಪಕ್ಕ ಬೇರೆ ಪ್ಲಗ್ ಪಾಯಿಂಟ್ ಮಾಡಿಸುವ ಗೋಜಿಲ್ಲ.

ಆದರೆ ಈ ಪೆಟ್ಟಿಗೆ ಬಲು ಸಂಶಯದ ಪ್ರಾಣಿ. ಕೈ ಚಾಚಿದವರಿಗೆಲ್ಲ ಕರೆಂಟು ಕೊಡುವುದಿಲ್ಲ. ಮೊದಲು, ಬೆರಳಿಗೆ ತಾಗಿದರೂ ಗೊತ್ತಾಗದಷ್ಟು ಸಣ್ಣ ವೋಲ್ಟೇಜು ಕಳಿಸಿ, ಆ ತುದಿಯಲ್ಲಿ ಯಾರಿದ್ದೀರಿ ಎಂದು ಕೇಳುತ್ತದೆ. ಹೀಗೆ ವಿದ್ಯುತ್ ಪಡೆಯಲೆಂದೇ ತಯಾರಾದ ಫೋನು, ಕ್ಯಾಮೆರಾಗಳ ಒಳಗೆ ಗೊತ್ತಾದ ಅಳತೆಯ ಒಂದು ರೋಧಕ ಇರುತ್ತದೆ. ಅದೇ ಅವುಗಳ ಉತ್ತರ. ಅಳತೆ ಸರಿಬಂದರೆ ಮಾತ್ರ ಪೂರ್ತಿ ವಿದ್ಯುತ್ತು ಹರಿದು ಪೋರ್ಟಿನ ದೀಪ ಹತ್ತುತ್ತದೆ. ಬರಿಯ ತಂತಿಗೆ ಹತ್ತುವುದಿಲ್ಲ. ಉತ್ತರ ಬರುವವರೆಗೂ ಪೆಟ್ಟಿಗೆ ಸುಮ್ಮನೆ ಕೇಳುತ್ತಲೇ ಇರುತ್ತದೆ. ಇಷ್ಟು ಗೊತ್ತಿದ್ದರೆ ನಿಮಗೆ ಸಾಕು.

ಇದರಿಂದಲೇ ಅಣ್ಣನಿಗೂ ನನಗೂ ನಡುವೆ ಒಂದು ಸನ್ನೆ ಬೆಳೆದಿತ್ತು. ಅಂಕಿಗಳೆಲ್ಲ ಸವೆದುಹೋದ ಒಂದು ಹಳೆಯ ಮೇಜಿನ ಫೋನು ಅವನ ಚೀಲದಲ್ಲಿರುತ್ತಿತ್ತು. ಕೇಬಲ್ಲಿನ ಕೆಲಸ ಮುಗಿದೊಡನೆ ಆ ತುದಿಗೆ ಅದನ್ನು ಚುಚ್ಚುತ್ತಿದ್ದ, ಇಲ್ಲಿ ನನ್ನ ಮುಂದೆ ದೀಪ ಹತ್ತುತ್ತಿತ್ತು. ಹತ್ತಿ ಹಾಗೇ ನಿಂತರೆ, ಇದು ಸರಿಯಾಯಿತು ಎಂದು. ಚುಚ್ಚುವುದು ಕೀಳುವುದು ಮೂರು ಸಲ ಮಾಡಿದರೆ, ಇಲ್ಲಿಗೆ ಬಾ ಎಂದು. ಮೊಬೈಲ್ ಹಿಡಿಯದ ಬೇಸ್‌ಮೆಂಟುಗಳಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತಿತ್ತು. ನಿಜ ಹೇಳಬೇಕೆಂದರೆ ಹೆಚ್ಚಾಗಿ ಚಹಾ ಬಂದಿದೆ ಎಂದು ಹೇಳಲಿಕ್ಕೇ ಅವನು ಅದನ್ನು ಬಳಸುತ್ತಿದ್ದ.

ಆ ದಿನ ಗಣಪತಿ ವಿಸರ್ಜನೆ. ಹಡಪಸರದಲ್ಲಿ ವಾಹನಗಳ ಬಿಡಿಭಾಗ ಮಾರುವ ಕಂಪನಿಯೊಂದರ ಮೂರು ಮಹಡಿಯ ಕಟ್ಟಡದಲ್ಲಿ ನಮ್ಮ ಕೆಲಸ ನಡೆದಿತ್ತು. ರಜೆಯ ದಿನ ಕುರ್ಚಿಗಳಲ್ಲಿ ಜನ ಇರುವುದಿಲ್ಲ, ನಮಗೆ ಅದೇ ಅನುಕೂಲ. ಇಡೀ ಕಟ್ಟಡಕ್ಕೆ ನಾವಿಬ್ಬರು, ಮತ್ತೆ ಗೇಟಿನಲ್ಲಿ ವಾಚ್‌ಮನ್ ಶಿಂದೆ. ಅಣ್ಣನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಚುಚ್ಚಿಕೊಳ್ಳುತ್ತಾನೆ. ಬೆಳಿಗ್ಗೆ ವೈನಿ, ಅಂದರೆ ನಮ್ಮ ಅತ್ತಿಗೆ, ಊಟದ ಡಬ್ಬಿಯನ್ನು ತಮ್ಮ ಗಂಡನ ಕೈಗೆ ಕೊಡದೆ ನನ್ನ ಕೈಗೇ ಕೊಟ್ಟು, "ಅವರ ಕೈಯಾಗ ಕೊಟ್ರ ಹಂಗ ವಾಪಸ್ ಬರ್ತದ. ಮುಂದ ಕುಂತು ಉಣಸ್ರಿ" ಎಂದಿದ್ದರು.

ಮಧ್ಯಾಹ್ನ ನಾನು ಕುಳಿತಿದ್ದ ಎರಡನೇ ಮಹಡಿಯ ಸರ್ವರ್ ಕೋಣೆಗೆ ಅಣ್ಣ ಬಂದ. ಫೋನಿನ ವಾಯರಿನ ತುದಿಯ ಕ್ಲಿಪ್ಪು ಮುರಿದಿದೆ, ಹೊಸದು ಹಾಕಿಡು ಎಂದು ಫೋನನ್ನು ನನ್ನ ಮೇಜಿನ ಮೇಲಿಟ್ಟ. ಅಲ್ಲಿಯೇ ಇನ್ಸುಲಿನ್ನೂ ಚುಚ್ಚಿಕೊಂಡ. ಉಂಡು ಹೋಗೆಂದು ನಾನು ಡಬ್ಬಿ ಬಿಚ್ಚುತ್ತಿದ್ದರೆ, "ಏಣಿ ಹಚ್ಚಿ ಬಂದೀನಿ ತಂಗಿ. ಒಂದು ಕ್ಯಾಮೆರಾ ಕುಂದರಿಸಿ ಈಗ ಬಂದೆ" ಎಂದು ಹೊರಟೇಹೋದ.

ಅಷ್ಟರಲ್ಲಿ ಮೆರವಣಿಗೆಗಳು ರಸ್ತೆಗೆ ಬಂದವು. ಪುಣೆಯ ಢೋಲ್ ತಾಷೆಯ ಸದ್ದು ಕೇಳದವರಿಗೆ ಅದನ್ನು ಹೇಳಿ ತಿಳಿಸುವುದು ಹೇಗೆ? ಕಿಟಕಿಯ ಗಾಜು ನಡುಗುತ್ತದೆ, ನಮ್ಮ ಎದೆಯೇ ಢೋಲಾಗುತ್ತದೆ. ಒಂದು ಮಂಡಳಿ ದಾಟಿತು, ಇನ್ನೊಂದು ಬಂತು. ಡಬ್ಬಿಯ ಊಟ ಹಾಗೆಯೇ ಇತ್ತು. ಫೋನ್ ಮಾಡಿದರೆ ಅವನ ಮೊಬೈಲ್ ವ್ಯಾಪ್ತಿಯಲ್ಲಿಲ್ಲ ಎಂದಿತು. ಮೂರನೇ ಮಹಡಿಗೆ ಹತ್ತಿ ನೋಡಿದೆ. ಏಣಿ ನಿಂತಿತ್ತು, ಕ್ಯಾಮೆರಾ ಗೋಡೆಗೆ ಕುಳಿತಿತ್ತು, ಡ್ರಿಲ್ಲು ನೆಲದ ಮೇಲಿತ್ತು, ಅಣ್ಣನಿಲ್ಲ. ಕೂಗಿದೆ. ನನ್ನ ದನಿ ನನಗೇ ಕೇಳಲಿಲ್ಲ. ಇನ್ಸುಲಿನ್ ತೆಗೆದುಕೊಂಡು ಉಣ್ಣದೆ ಉಳಿದರೆ ಸಕ್ಕರೆ ಎಷ್ಟು ಬೇಗ ಇಳಿಯುತ್ತದೆ ಎನ್ನುವುದನ್ನು ಒಮ್ಮೆ ಅವನ ಮನೆಯಲ್ಲಿ ಕಣ್ಣಾರೆ ಕಂಡಿದ್ದೆ.

ಗೇಟಿಗೆ ಓಡಿದೆ. ಶಿಂದೆ ರಸ್ತೆಯತ್ತ ಮುಖ ಮಾಡಿ ನಿಂತಿದ್ದ. "ಕಾಕಾ ಮಿರವಣೂಕ ಬಘಾಯಲಾ ಗೇಲೇ ಅಸತೀಲ, ತಾಈ" ಎಂದ. ಮೆರವಣಿಗೆ ನೋಡಲು ಹೋಗಿರಬೇಕೆಂಬುದು ಅವನ ಊಹೆ. ಅಣ್ಣನ ಅಂಗಿಯಂಥದೇ ಅಂಗಿ ತೊಟ್ಟವರೊಬ್ಬರು ದಾಟಿದ್ದನ್ನು ಕಂಡನಂತೆ. ಅಣ್ಣನಿಗೆ ಢೋಲಿನ ಹುಚ್ಚಿರುವುದೂ ನಿಜ. ಆ ಜನಸಾಗರದೊಳಗೆ ಯಾರನ್ನು ಎಲ್ಲಿ ಹುಡುಕುವುದು? ಬಂದರೆ ನೇರವಾಗಿ ಮೇಲೆ ಕಳಿಸೆಂದು ಹೇಳಿ ಕೋಣೆಗೆ ವಾಪಸಾದೆ. ಬಯ್ಗುಳಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡು, ಕೈ ಸುಮ್ಮನಿರಲಾರದೆ ಫೋನಿನ ವಾಯರು ಎತ್ತಿಕೊಂಡು ಮುರಿದ ಕ್ಲಿಪ್ಪನ್ನು ಕತ್ತರಿಸಿ ಹಾಕಿದೆ.

ಆಗ ಸ್ವಿಚ್ಚಿನ ಇಪ್ಪತ್ತೆರಡನೇ ಪೋರ್ಟಿನ ದೀಪ ಹತ್ತಿತು. ಆರಿತು. ಮತ್ತೆ ಹತ್ತಿ ಆರಿತು. ಇನ್ನೊಮ್ಮೆ.

"ಬಂದ್ಯಾ ಹಾದೀಗೆ" ಎಂದು ಗಟ್ಟಿಯಾಗಿ ಅಂದೆ. ಹೋದ ಜೀವ ಬಂದಂತಾಗಿತ್ತು. ಎದ್ದು ನಿಂತವಳ ಕೈಯಲ್ಲಿ ಏನೋ ತೂಗುತ್ತಿತ್ತು, ನೋಡಿದೆ. ಫೋನಿನ ವಾಯರು. ಫೋನು ನನ್ನ ಮೇಜಿನ ಮೇಲೆ ಅಂಗಾತ ಬಿದ್ದಿತ್ತು.

ಅಣ್ಣನ ಬಳಿ ಚುಚ್ಚಲು ಬೇರೆ ಏನೂ ಇರಲಿಲ್ಲ. ಉಳಿದ ಕ್ಯಾಮೆರಾಗಳ ಪೆಟ್ಟಿಗೆಗಳು ನನ್ನ ಕಾಲ ಬಳಿಯೇ ಇದ್ದವು. ಪೋರ್ಟಿನ ಕೆಳಗಿನ ಚೀಟಿ ಓದಿದೆ: ಪಂಪ್ ರೂಮ್. ಅದು ನಾವು ಹಿಂದಿನ ವಾರ ಬೇಸ್‌ಮೆಂಟಿಗೆ ಎಳೆದಿಟ್ಟಿದ್ದ ಕೇಬಲ್ಲು. ಅಲ್ಲಿನ ಕ್ಯಾಮೆರಾ ಇನ್ನೂ ಬಂದಿರಲಿಲ್ಲವೆಂದು ತುದಿಯನ್ನು ಬಿಚ್ಚದೆ, ಕ್ಲಿಪ್ಪು ಹಾಕದೆ, ಟೇಪು ಸುತ್ತಿ ಬಿಟ್ಟಿದ್ದೆವು. ಅದಕ್ಕೆ ಏನನ್ನು ಚುಚ್ಚುವುದಕ್ಕೂ ಬರುವಂತಿರಲಿಲ್ಲ. ಪೆಟ್ಟಿಗೆ ಕೆಟ್ಟಿರಬೇಕೆಂದುಕೊಂಡು ಲ್ಯಾಪ್‌ಟಾಪಿನಿಂದ ಆ ಪೋರ್ಟನ್ನು ಬಂದ್ ಮಾಡಿ ಮತ್ತೆ ಶುರು ಮಾಡಿದೆ. ತುಸು ಹೊತ್ತು ಏನೂ ಇಲ್ಲ. ಆಮೇಲೆ ದೀಪ ಹತ್ತಿತು. ಪರದೆಯ ಮೇಲೆ ಆ ಪೋರ್ಟಿನ ಎದುರು ವಿದ್ಯುತ್ ಕೊಡುತ್ತಿದ್ದೇನೆ ಎಂದು ಬಂತು, ಎಷ್ಟೆಂದೂ ಬಂತು. ಆ ಹಳೆಯ ಫೋನು ಎಷ್ಟು ಎಳೆಯುತ್ತಿತ್ತೋ ಹೆಚ್ಚುಕಡಿಮೆ ಅಷ್ಟೇ. ಆರಿತು, ಹತ್ತಿತು, ಆರಿತು, ಹತ್ತಿತು. ಮೂರನೆಯ ಸಲ ಆರುವುದನ್ನು ನೋಡಲು ನಾನು ನಿಲ್ಲಲಿಲ್ಲ.

ಮೆಟ್ಟಿಲುಗಳನ್ನು ಹೇಗೆ ಇಳಿದೆನೋ ನೆನಪಿಲ್ಲ. ಪಂಪ್ ರೂಮಿನ ಕಬ್ಬಿಣದ ಬಾಗಿಲು ಬಿಟ್ಟರೆ ತಾನೇ ಮುಚ್ಚಿಕೊಳ್ಳುವಂಥದು. ತಳ್ಳಿದೆ. ಒಳಗೆ ಬಲ್ಬು ಉರಿಯುತ್ತಿತ್ತು. ಅಣ್ಣ ನಲ್ಲಿಯ ಕೆಳಗೆ ಮಗ್ಗುಲಾಗಿ ಬಿದ್ದಿದ್ದ. ಅಂಗಿ ಬೆವರಿಗೆ ತೊಯ್ದು ಮೈ ತಣ್ಣಗಾಗಿತ್ತು. ಕೂಗಿದರೆ, ಅಲುಗಾಡಿಸಿದರೆ ಎಚ್ಚರವಿಲ್ಲ. ಉಸಿರೊಂದಿತ್ತು.

ಶಿಂದೆಯನ್ನು ಕೈ ಹಿಡಿದು ಎಳೆದುಕೊಂಡು ಬಂದೆ. ಅವನ ಚಹಾದ ಸಕ್ಕರೆ ಡಬ್ಬಿಯಿಂದ ಒದ್ದೆ ಬೆರಳಿಗೆ ಸಕ್ಕರೆ ಹಚ್ಚಿ ಅಣ್ಣನ ಒಸಡಿಗೆ ತಿಕ್ಕುತ್ತ ಕುಳಿತೆ. ಎಚ್ಚರವಿಲ್ಲದವರಿಗೆ ನೀರು ಕುಡಿಸಬಾರದೆಂದು ವೈನಿ ಹೇಳಿದ್ದು ನೆನಪಿತ್ತು. ಶಿಂದೆ ಹೊರಗೆ ಓಡಿ ಮೆರವಣಿಗೆಯ ಹುಡುಗರನ್ನೇ ಕರೆತಂದ. ಸೊಂಟಕ್ಕೆ ಢೋಲು ಕಟ್ಟಿಕೊಂಡಿದ್ದವರು ಅದನ್ನು ಬಿಚ್ಚಿಟ್ಟು ಅಣ್ಣನನ್ನು ಹೊತ್ತುಕೊಂಡು, ಜನರನ್ನು ಸರಿಸುತ್ತ, ಆಚೆ ಓಣಿಯ ಆಸ್ಪತ್ರೆಯವರೆಗೂ ನಡೆದರು. ಸಕ್ಕರೆ ಅಳೆದು ನೋಡಿದ ಡಾಕ್ಟರು ನನ್ನ ಮುಖ ನೋಡಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದಷ್ಟೇ ಹೇಳಿದರು. ನಾನು ಅಲ್ಲೇ ಗೋಡೆಗೆ ಒರಗಿ ಅತ್ತೆ.

ಮರುದಿನ ಕಟ್ಟಡಕ್ಕೆ ಹೋಗಿ ಮೊದಲು ನೋಡಿದ್ದು ಆ ಕೇಬಲ್ಲನ್ನು. ಸುರುಳಿ ಸುತ್ತಿ ಗೋಡೆಯ ಮೇಲ್ಗಡೆಯ ಮೊಳೆಗೆ ತೂಗುಹಾಕಿತ್ತು, ನಾವು ಬಿಟ್ಟುಹೋದ ಹಾಗೆಯೇ. ಟೇಪು ಕದಲಿರಲಿಲ್ಲ. ಬಿದ್ದ ಮನುಷ್ಯನ ಕೈಗೆ ಸಿಗುವ ಮಾತಂತೂ ಇರಲಿಲ್ಲ. ತೇವದಿಂದ ಹಾಗಾಗಿರಬಹುದೆಂದು ಟೇಪು ಬಿಚ್ಚಿ ತಂತಿಗಳನ್ನು ಸುಲಿದು ನೀರಿನಲ್ಲಿ ಅದ್ದಿ, ಶಿಂದೆಯನ್ನು ಮೇಲೆ ದೀಪ ಕಾಯಲು ನಿಲ್ಲಿಸಿದೆ. ಹತ್ತಲಿಲ್ಲ. ಒದ್ದೆ ಕೈಯಲ್ಲಿ ಹಿಡಿದುಕೊಂಡೆ. ಹತ್ತಲಿಲ್ಲ. ಸ್ವಿಚ್ಚನ್ನು ಬೇರೆಡೆ ಒಯ್ದು ವಾರಗಟ್ಟಲೆ ಓಡಿಸಿದೆ, ಆ ಪೋರ್ಟು ಒಮ್ಮೆಯೂ ತಪ್ಪಲಿಲ್ಲ. ಗಾಬರಿಯಲ್ಲಿ ನನ್ನ ಕಣ್ಣಿಗೆ ಹಾಗೆ ಕಂಡಿತು ಎನ್ನೋಣವೆಂದರೆ, ವಿದ್ಯುತ್ ಕೊಟ್ಟದ್ದು ನಿಲ್ಲಿಸಿದ್ದು ಸ್ವಿಚ್ಚಿನ ನೆನಪಿನಲ್ಲೂ ದಾಖಲಾಗಿತ್ತು. ಸ್ವಿಚ್ಚಿಗೆ ಗಾಬರಿಯಿಲ್ಲ.

ಅಣ್ಣ ಚೇತರಿಸಿಕೊಂಡು ಮಾತಾಡುವಂತಾದಾಗ ದೀಪದ ಸುದ್ದಿ ನಾನಾಗಿ ತೆಗೆಯಲಿಲ್ಲ. ಏನಾಯಿತು ಎಂದಷ್ಟೇ ಕೇಳಿದೆ. ವೈನಿ ಮಂಚದ ಪಕ್ಕದಲ್ಲೇ ಇದ್ದರು.

"ಕಣ್ಣಿಗೆ ಕತ್ಲಿ ಬಂದಂಗಾತು. ಮ್ಯಾಲಿನ ನಳದಾಗ ನೀರು ಇರಲಿಲ್ಲ, ಮಾರಿ ತೊಳ್ಕೊಳಾಕ ಕೆಳಗ ಇಳದೆ" ಎಂದ. "ಕಾಲಾಗಿನ ಶಕ್ತಿನ ಹೋತು. ಒದರಿದೆ, ಆ ಢೋಲಿನ್ಯಾಗ ಯಾರಿಗೆ ಕೇಳಸ್ತದ? ಮ್ಯಾಲ ನಮ್ಮ ವಾಯರ್ ಕಾಣಸ್ತು. ಫೋನೊಂದು ಇದ್ದಿದ್ರ ಮೂರು ಸಲ ಚುಚ್ಚಿ ತಂಗೀನ ಕರೀತಿದ್ದೆ ಅಂತ ಅನಕೊಂಡೆ. ಅಷ್ಟ ನೆನಪದ."

ಆಮೇಲೆ ಅವನಿಗೆ ಎಲ್ಲವನ್ನೂ ಹೇಳಿದೆ. ನಗುತ್ತಾನೆಂದುಕೊಂಡಿದ್ದೆ, ನಗಲಿಲ್ಲ. ವೈನಿ ನನ್ನ ಕೈ ಹಿಡಿದುಕೊಂಡರು. ಮೂವರೂ ಆ ಮಾತನ್ನು ಮತ್ತೆ ಎತ್ತಿಲ್ಲ. ಈಗ ಅಣ್ಣ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆ, ಏಣಿಯನ್ನೂ ಹತ್ತುತ್ತಾನೆ. ಆ ಹಳೆಯ ಫೋನಿಗೆ ಹೊಸ ಕ್ಲಿಪ್ಪು ಹಾಕಿಕೊಟ್ಟಿದ್ದೇನೆ.

ಕೆಲಸ ಮುಗಿಸಿ ಹೊರಡುವಾಗ, ಬಳಕೆಯಲ್ಲಿಲ್ಲದ ಪೋರ್ಟುಗಳನ್ನೆಲ್ಲ ಬಂದ್ ಮಾಡಿ ಹೋಗುವುದು ನಮ್ಮ ಕಸುಬಿನಲ್ಲಿ ಒಳ್ಳೆಯ ಪದ್ಧತಿ. ನಾನೂ ಮೊದಲು ತಪ್ಪದೆ ಮಾಡುತ್ತಿದ್ದೆ. ಹಡಪಸರದ ಆ ಕಟ್ಟಡದಲ್ಲಿ ಕೆಲಸ ಇನ್ನೂ ಮುಗಿದಿರಲಿಲ್ಲ, ಅದಕ್ಕೇ ಇಪ್ಪತ್ತೆರಡು ತೆರೆದಿತ್ತು. ಈಗ ನನ್ನ ಕೈಯಿಂದ ಬಂದ್ ಮಾಡುವುದು ಆಗುತ್ತಿಲ್ಲ. ಖಾಲಿ ಪೋರ್ಟುಗಳನ್ನು ಯಾಕೆ ತೆರೆದಿಟ್ಟಿರಿ ಎಂದು ತಿಳಿದ ಗಿರಾಕಿಗಳು ಕೇಳುತ್ತಾರೆ. ಮುಂದೆ ಬೇಕಾಗುತ್ತದೆ ಎಂದು ಏನೋ ಹೇಳಿ ಜಾರಿಕೊಳ್ಳುತ್ತೇನೆ. ಪೆಟ್ಟಿಗೆ ತನ್ನ ಪಾಡಿಗೆ ತಾನು, ಆ ತುದಿಯಲ್ಲಿ ಯಾರಿದ್ದೀರಿ ಎಂದು ಕೇಳುತ್ತಿರಲಿ. ಅವತ್ತು ಅದಕ್ಕೆ ಸರಿಯಾದ ಉತ್ತರ ಕೊಟ್ಟದ್ದು ಯಾರು ಎನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ.